ಎರಡೂವರೆ ಸುತ್ತು

ಬೈತಕೋಲದ ಮೀನುಗಾರರ ಸಂಘದ ಮಹಡಿಯಲ್ಲಿ
ಗೋಡೆಗೆಲ್ಲ ಹಾಸಿಗೆ ಆನಿಸಿ ನಿಲ್ಲಿಸಿ
ಮಾಡಿಕೊಂಡ ಮೌನದೊಳಗೆ
ಕೂತಿದ್ದಾನೆ ಖೇಮು ಹರಿಕಂತ್ರ,
ಮೂವತ್ತೊಂದು ವರ್ಷ ಟ್ರಾಲರಿನ ಹೊಟ್ಟೆಯಲ್ಲಿ
ಡೀಸೆಲ್ ಎಂಜಿನ್ನಿನ ಮಗ್ಗುಲಿಗೆ ನಿಂತವ.
ನನ್ನ ಯಂತ್ರ ಅಂಕೋಲೆಯಿಂದ ಬಸ್ಸಿನಲ್ಲಿ ಬಂದದ್ದು,
ಮಡಿಲಲ್ಲಿ, ಮಗುವಿನ ಹಾಗೆ.

ಕಿವಿಗೆ ಹೆಡ್‌ಫೋನು, ಕೈಗೊಂದು ಗುಂಡಿ.
ಕೇಳಿದರೆ ಒತ್ತು ಮಾರಾಯ, ಕೇಳದಿದ್ದರೆ ಸುಮ್ಮನಿರು,
ಊಹಿಸಬೇಡ.
"ಊಹೆ ಮಾಡದೆ ಸಂಸಾರ ಆಗ್ತದಾ ಬಾಯಿ?"

ಸಣ್ಣ ದನಿ ಕಳಿಸಿದೆ, ಗಾಜಿನ ಸೂಜಿಯಂಥದು.
ಕೈ ಅಲುಗಲಿಲ್ಲ.
ಇನ್ನಷ್ಟು ಜೋರು. ಇಲ್ಲ.
ಆಮೇಲೆ ದಪ್ಪ ದನಿ, ಖಾಲಿ ಹಂಡೆಯೊಳಗಿನ ಗಾಳಿಯಂಥದು.
ತಟ್ಟನೆ ಒತ್ತಿದ, ಪಂದ್ಯ ಗೆದ್ದವನಂತೆ ನಕ್ಕ.

ಹೇಗೆ ಹೇಳಲಿ ಇವನಿಗೆ?
ಕಾಳಿಯ ಬಾಯಿ ಗೊತ್ತಲ್ಲ, ಕೋಡಿಬಾಗದಲ್ಲಿ?
ಗಾಳಿ ಎಬ್ಬಿಸಿದ ಚಿಕ್ಕ ತೆರೆ
ಸೇತುವೆಯ ಕಂಬ ಮುಟ್ಟುವ ಮೊದಲೇ ಮುಗಿಯಿತು.
ಭರತದ ನೀರಿಗೆ ಅವಸರವಿಲ್ಲ.
ಕಿನ್ನರ ದಾಟಿ, ಹಳಗಾ ದಾಟಿ
ಒಳನಾಡಿನ ಯಾರದೋ ಗದ್ದೆಯ ಬದುವಿಗೆ
ಉಪ್ಪು ನೆಕ್ಕಿಸಿ ಹಿಂತಿರುಗುತ್ತದೆ.

ನಿನ್ನ ಕಿವಿಯೊಳಗೂ ಒಂದು ನದಿ ಇದೆ ಖೇಮು,
ಎರಡೂವರೆ ಸುತ್ತು ಸುತ್ತಿಕೊಂಡು ಮಲಗಿದ್ದು.
ಬಿಡಿಸಿ ಎಳೆದರೆ ಕಿರುಬೆರಳಿನ ಎರಡು ಗೆಣ್ಣು.
ಅದರುದ್ದಕ್ಕೂ ಹಾಸಿದ ಪೊರೆ
ಬಾಗಿಲಲ್ಲಿ ಇಕ್ಕಟ್ಟು, ಬಿಗಿ;
ಒಳಹೋದಂತೆ ಅಗಲ, ಸಡಿಲ.
ಚಿಪ್ಪು ಕಿರಿದಾಗುತ್ತ ಹೋದರೆ
ಪೊರೆ ಹಿರಿದಾಗುತ್ತ ಹೋಗುತ್ತದೆ,
ಮಾಡಿದವನಿಗೆ ಏನು ಹಟವಿತ್ತೋ.
ಎಲುಬಿನ ರಿಕಾಪೊಂದು ಹೊಸಿಲು ತಟ್ಟಿದರೆ
ತೆರೆ ಹೊರಡುತ್ತದೆ.
ತನ್ನ ಊರು ಹತ್ತಿರವಾದಂತೆ
ನಡಿಗೆ ನಿಧಾನ, ಮೈ ಎತ್ತರ,
ಆಮೇಲೆ ಅಲ್ಲೇ ಕುಸಿಯುತ್ತದೆ
ಮರಳು ಸಿಕ್ಕ ಸಮುದ್ರದ ಹಾಗೆ.
ಕೀರಲು ದನಿಗೆ ಬಾಗಿಲೇ ಊರು.
ಗುಡುಗಿಗೆ ಕೊನೆಯ ಮನೆ.

ಬಾಗಿಲೇ ಯಾಕೆ ಮೊದಲು ಸವೆಯುತ್ತದೆಂದು
ಪುಸ್ತಕಗಳು ಒಂದೇ ಮಾತು ಹೇಳುವುದಿಲ್ಲ.
ನನಗನಿಸುವುದು ಇಷ್ಟು:
ದೂರ ಹೋಗುವವರೆಲ್ಲ ಹೊಸಿಲು ತುಳಿದೇ ಹೋಗಬೇಕಲ್ಲ.
ಅಲ್ಲಿನ ಕೂದಲೆಳೆಗಳು ಮಲಗಿದರೆ ಮಲಗಿದವೇ,
ಮುಂದಿನ ಮಳೆಗೆ ಏಳುವ ಪೈರಲ್ಲ.

ಹಾಗಾಗಿ ಸ್ವರ ಉಳಿದಿದೆ ಇವನಿಗೆ,
ವ್ಯಂಜನ ಹೋಗಿದೆ.
ಮಾತೆಂದರೆ ಬರೀ ಅನ್ನ, ನೆಂಚಿಕೊಳ್ಳಲು ಏನೂ ಇಲ್ಲ.
ಸ ಇಲ್ಲ, ಶ ಇಲ್ಲ, ತ ಟ ಅರ್ಧಂಬರ್ಧ.
ಒಲೆಯ ಮುಂದಿನಿಂದ ಚಂದ್ರಭಾಗಿ
"ಸೆಟ್ಲಿ?" ಅಂದರೆ
"ಎಲ್ಲಿ?" ಅಂತ ಕೇಳುತ್ತದೆ.
"ಇಲ್ಲೇ ಇದ್ದೇನಲ್ಲ" ಅನ್ನುತ್ತಾನೆ.
ನಾಲ್ಕು ವರ್ಷ ಹೀಗೆ.
ಅವಳು ಕೇಳಿದ್ದು ಸಿಗಡಿ,
ಇವನು ದಿನಾ ಕೊಟ್ಟದ್ದು ತನ್ನನ್ನೇ.
ಹೊರಗೆ ಬೆಂಚಿನ ಮೇಲೆ ಕೂತು ಅವಳೇ ಹೇಳಿದಳು ಇದನ್ನು,
ನಗುತ್ತ, ನಡುವೆ ಒಮ್ಮೆ ನಗು ನಿಲ್ಲಿಸಿ.

ಹಾಳೆಯ ಮೇಲೆ ಗೆರೆ ಎಳೆಯುತ್ತಿದ್ದೆ.
ಎಡಕ್ಕೆ ಸಪಾಟು, ಬಲಕ್ಕೆ ಬಂದಾಗ
ಸಮುದ್ರ ಕಡಿದ ದಂಡೆ.
ಖೇಮು ಗುಂಡಿ ಒತ್ತಿದ.
ನಾನು ಏನೂ ಕಳಿಸಿರಲಿಲ್ಲ.
ಮತ್ತೆ ಒತ್ತಿದ.
ಬೈಯಲೆಂದು ಬಾಯಿ ತೆರೆದವಳು
ಕಿಟಕಿಯ ಹಾಸಿಗೆ ಸರಿಸಿ ಆಲಿಸಿದೆ:
ಐಸ್ ಫ್ಯಾಕ್ಟರಿ, ಕಾಗೆ, ಹರಾಜಿನ ಕೂಗು,
ಎಲ್ಲದರ ಅಡಿಗೆ, ಇದೆಯೋ ಇಲ್ಲವೋ ಎಂಬಂತೆ,
ಒಂದು ನಡುಕ.

"ಫೊಂಡೂನ ಬೋಟು" ಅಂದ, ಹೆಡ್‌ಫೋನು ತೆಗೆಯದೆ.
"ಎರಡನೇ ಸಿಲಿಂಡರು ಬಡೀತಾ ಉಂಟು.
ಬಂದರು ದಾಟೂ ಮೊದಲು ತಿರುಗಿಸೋ ಅಂತ
ಯಾರಾದ್ರೂ ಕೂಗಿ ಹೇಳಿ ಅವನಿಗೆ."